ಸಸ್ಯತ್ಯಾಜ್ಯದಿಂದ ಸಕ್ರಿಯ ಇಂಗಾಲ: ದಾವಣಗೆರೆ–ಹರಿಹರ ಸೀಮೆಯ ನೀರಿನ ಹಿನ್ನೆಲೆಯಲ್ಲಿ

ಒಳಗೆಲ್ಲ ಸೂಕ್ಷ್ಮ ರಂಧ್ರಗಳನ್ನು ಬಿಡಿಸಿದ ಇದ್ದಿಲೇ ಸಕ್ರಿಯ ಇಂಗಾಲ. ಮರ, ಚಿಪ್ಪು, ಹೊಟ್ಟು, ಸಿಪ್ಪೆಯಂಥ ಸಸ್ಯವಸ್ತುವನ್ನು ಗಾಳಿಯಾಡದಂತೆ ಕಾಯಿಸಿ ಇದ್ದಿಲಾಗಿಸಿ, ಅದನ್ನು ಹಬೆಯಲ್ಲೋ ರಾಸಾಯನಿಕದಲ್ಲೋ ಇನ್ನೊಮ್ಮೆ ಹದಗೊಳಿಸಿದರೆ, ನೀರಿನಲ್ಲಿ ಕರಗಿದ ಬಣ್ಣ, ವಾಸನೆ, ಕೀಟನಾಶಕ, ಕೆಲವು ಭಾರಲೋಹಗಳನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ ಅದಕ್ಕೆ ಬರುತ್ತದೆ. ಕಲ್ಲಿದ್ದಲಿನಿಂದಲೂ ಇದನ್ನು ಮಾಡುತ್ತಾರೆ. ಆದರೆ ಗದ್ದೆ, ತೋಟ, ಗಿರಣಿಗಳ ಊರಿಗೆ ಹೊಂದುವುದು ಸಸ್ಯತ್ಯಾಜ್ಯದ ದಾರಿ. ದಾವಣಗೆರೆ–ಹರಿಹರ ಸೀಮೆಯಲ್ಲಿ ಇದಕ್ಕೆ ಬೇಕಾದ ಕಚ್ಚಾವಸ್ತುವೂ ಇದೆ, ಇದನ್ನು ಬೇಡುವ ನೀರೂ ಇದೆ. ಹಾಗಿದ್ದೂ ಒಂದನ್ನು ಇನ್ನೊಂದಕ್ಕೆ ಜೋಡಿಸುವುದು ಮೇಲ್ನೋಟಕ್ಕೆ ಕಾಣುವಷ್ಟು ಸಲೀಸಲ್ಲ. ಯಾವ ಸಿಪ್ಪೆಯಿಂದ ಎಂಥ ಇಂಗಾಲ ಬರುತ್ತದೆ, ಆ ಇಂಗಾಲ ಯಾವ ಕೊಳೆಯನ್ನು ಹಿಡಿಯುತ್ತದೆ ಎಂಬುದನ್ನು ಮೊದಲು ಕೂಡಿಸಿ ನೋಡಬೇಕು.

ಸೀಮೆ ಮತ್ತು ಅದರ ನೀರು

ದಾವಣಗೆರೆ 1997ರ ಆಗಸ್ಟ್ 15ರಂದು ಪ್ರತ್ಯೇಕ ಜಿಲ್ಲೆಯಾಯಿತು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು ಇದು. ಗಿರಣಿಗಳು ಒಂದೊಂದಾಗಿ ಮುಚ್ಚಿದ ಮೇಲೆ ಊರಿನ ವಹಿವಾಟು ಭತ್ತ, ಮೆಕ್ಕೆಜೋಳ, ಮಂಡಕ್ಕಿಗಳತ್ತ ಹೊರಳಿತು. ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆ, ಹರಿಹರದ ಸುತ್ತ ಭತ್ತದ ಗದ್ದೆಗಳು. ಮಳೆಯಾಶ್ರಿತ ಹೊಲಗಳಲ್ಲಿ ಮೆಕ್ಕೆಜೋಳ. ಚನ್ನಗಿರಿ ಕಡೆ ಅಡಿಕೆ ತೋಟ. ಹಿಂದೆ ಬೇರೆ ಹಳ್ಳಿಯಾಗಿದ್ದು ಈಗ ಮಹಾನಗರ ಪಾಲಿಕೆಯೊಳಗೆ ಸೇರಿರುವ ಆವರಗೆರೆಯಂಥ ಅಂಚಿನ ಊರುಗಳಲ್ಲಿ ಬೆಳೆಯ ಉಳಿಕೆಯೂ ನಗರದ ಕೊಳಚೆಯೂ ಪಕ್ಕಪಕ್ಕದಲ್ಲೇ ಇರುತ್ತವೆ.

ನಗರಕ್ಕೆ ಕುಡಿಯುವ ನೀರು ಬರುವುದು ಎರಡು ಕಡೆಯಿಂದ. ಹರಿಹರದ ಹತ್ತಿರ ರಾಜನಹಳ್ಳಿಯಲ್ಲಿ ತುಂಗಭದ್ರೆಯಿಂದ ಎತ್ತುವ ನೀರು ಒಂದು. ಭದ್ರಾ ನಾಲೆಯಿಂದ ತುಂಬಿಸಿಕೊಳ್ಳುವ ಕುಂದವಾಡ ಕೆರೆ ಮತ್ತು ಟಿ.ವಿ. ಸ್ಟೇಷನ್ ಕೆರೆಗಳ ನೀರು ಇನ್ನೊಂದು. ಕೂಡಲಿಯಲ್ಲಿ ತುಂಗೆ, ಭದ್ರೆ ಸೇರಿ ಹರಿಯುವ ಈ ಹೊಳೆ ಹರಿಹರಕ್ಕೆ ಬರುವ ಮುನ್ನವೇ ಶಿವಮೊಗ್ಗ, ಭದ್ರಾವತಿಗಳ ಬಳಕೆ ನೀರನ್ನು ಹೊತ್ತಿರುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಮಲಿನ ನದಿಪಾತ್ರಗಳಲ್ಲಿ ತುಂಗೆ, ಭದ್ರೆ, ತುಂಗಭದ್ರೆ ಮೂರೂ ಸೇರಿದ್ದವು. ತುಂಗಭದ್ರೆಯ ಪಾತ್ರ ಶುರುವಾಗುವುದು ಹರಿಹರದಿಂದಲೇ.

ಹಿಡಿಯುವ ಬಗೆ

ಸ್ಪಂಜು ನೀರನ್ನು ಒಳಕ್ಕೆ ಎಳೆದುಕೊಳ್ಳುವುದು ಹೀರಿಕೆ. ಇಂಗಾಲ ಮಾಡುವುದು ಅದನ್ನಲ್ಲ. ಕೊಳೆಯ ಅಣುಗಳು ಅದರ ರಂಧ್ರಗಳ ಗೋಡೆಗೆ ಬಂದು ಅಂಟಿಕೊಳ್ಳುತ್ತವೆ. ರಸಾಯನಶಾಸ್ತ್ರದಲ್ಲಿ ಇದು ಅಧಿಶೋಷಣೆ. ಗೋಡೆ ಹೆಚ್ಚಿದ್ದಷ್ಟೂ ಅಂಟುವ ಜಾಗ ಹೆಚ್ಚು. ಒಳ್ಳೆಯ ಸಕ್ರಿಯ ಇಂಗಾಲದ ಒಂದು ಗ್ರಾಂನಲ್ಲಿ 500ರಿಂದ 1,500 ಚದರ ಮೀಟರ್ ಮೇಲ್ಮೈ ಇರುತ್ತದೆ. ಸಾವಿರ ಚದರ ಮೀಟರ್ ಎಂದು ಹಿಡಿದರೂ ಅದು ಸುಮಾರು ಹತ್ತು ಗುಂಟೆ. ಅಂದರೆ ನಾಲ್ಕು ಗ್ರಾಂ ಪುಡಿಯೊಳಗೆ ಒಂದು ಎಕರೆ ಹೊಲದಷ್ಟು ಜಾಗ ಮಡಚಿಕೊಂಡಿದೆ. ಇದನ್ನು ಅಳೆಯಲು ಇಂದಿಗೂ ಬಳಸುವ ಲೆಕ್ಕವನ್ನು ಬ್ರುನೌಯರ್, ಎಮೆಟ್, ಟೆಲ್ಲರ್ ಎಂಬ ಮೂವರು 1938ರಲ್ಲಿ ಕೊಟ್ಟರು.

ಒಟ್ಟು ಮೇಲ್ಮೈಯಷ್ಟೇ ರಂಧ್ರದ ಅಳತೆಯೂ ಮುಖ್ಯ. 2 ನ್ಯಾನೋಮೀಟರಿಗಿಂತ ಕಿರಿದಾದವು ಸೂಕ್ಷ್ಮರಂಧ್ರ, 2ರಿಂದ 50ರವರೆಗಿನವು ಮಧ್ಯರಂಧ್ರ, ಅದಕ್ಕೂ ಮಿಗಿಲಾದವು ಬೃಹದ್ರಂಧ್ರ. ವಾಸನೆ ಕೊಡುವ ಚಿಕ್ಕ ಅಣುಗಳು, ಫೀನಾಲ್, ಅಯೋಡಿನ್‌ಗಳು ಸೂಕ್ಷ್ಮರಂಧ್ರದೊಳಗೆ ಸಲೀಸಾಗಿ ನುಗ್ಗುತ್ತವೆ. ಬಟ್ಟೆಯ ಬಣ್ಣ, ಮರದ ಲಿಗ್ನಿನ್ ಚೂರುಗಳಂಥ ದೊಡ್ಡ ಅಣುಗಳು ಅಲ್ಲಿ ಬಾಗಿಲಲ್ಲೇ ನಿಲ್ಲುತ್ತವೆ; ಅವಕ್ಕೆ ಮಧ್ಯರಂಧ್ರ ಬೇಕು. ಹಾಗಾಗಿ ಮೇಲ್ಮೈ ಹೆಚ್ಚಿರುವ ಇಂಗಾಲವೇ ಎಲ್ಲ ನೀರಿಗೂ ಶ್ರೇಷ್ಠ ಎನ್ನುವ ಮಾತು ನಿಲ್ಲುವುದಿಲ್ಲ. ಹರಿಹರದ ಹೊಳೆಯ ವಿಷಯಕ್ಕೆ ಬಂದಾಗ ಈ ಭೇದ ನಿರ್ಣಾಯಕವಾಗುತ್ತದೆ.

ಚರಿತ್ರೆ

ಇದ್ದಿಲು, ಮರಳು, ಜಲ್ಲಿ ಹಾಕಿದ ಮಡಕೆಗಳನ್ನು ಒಂದರ ಮೇಲೊಂದಿಟ್ಟು ನೀರು ಸೋಸುವುದು ನಮ್ಮವರು ಬಲ್ಲ ವಿದ್ಯೆ. ಇದ್ದಿಲು ದ್ರಾವಣಗಳ ಬಣ್ಣ ತೆಗೆಯುತ್ತದೆ ಎಂಬುದನ್ನು ಪ್ರಯೋಗದಿಂದ ತೋರಿಸಿದವನು ಸೇಂಟ್ ಪೀಟರ್ಸ್‌ಬರ್ಗ್‌ನ ತೋವಿಯಾಸ್ ಲೋವಿಟ್ಸ್, 1785ರಲ್ಲಿ. ಆಮೇಲಿನ ಶತಮಾನ ಸಕ್ಕರೆ ಬಿಳುಪು ಮಾಡುವವರದು. ಅವರು ಬಳಸಿದ್ದು ಮೂಳೆಯ ಇದ್ದಿಲು. ಹಬೆ ಅಥವಾ ಇಂಗಾಲಾಮ್ಲ ಅನಿಲದಿಂದ ಹದಗೊಳಿಸುವ ದಾರಿಗೂ ಲೋಹದ ಕ್ಲೋರೈಡುಗಳಿಂದ ಹದಗೊಳಿಸುವ ದಾರಿಗೂ ರಾಫೇಲ್ ಫಾನ್ ಓಸ್ಟ್ರೆಯ್ಕೊ 1900–01ರಲ್ಲಿ ಪೇಟೆಂಟ್ ಪಡೆದ. ಇಂದಿನ ಕಾರ್ಖಾನೆಗಳು ನಡೆಯುತ್ತಿರುವುದು ಈ ಎರಡು ದಾರಿಗಳಲ್ಲೇ. ಮೊದಲ ಮಹಾಯುದ್ಧದಲ್ಲಿ ವಿಷಾನಿಲ ತಡೆಯುವ ಮುಖವಾಡಗಳಿಗಾಗಿ ತೆಂಗಿನ ಚಿಪ್ಪಿಗೆ ದಿಢೀರ್ ಬೇಡಿಕೆ ಬಂತು. ಸಾಲದಾದಾಗ ಅಮೆರಿಕದಲ್ಲಿ ಪೀಚ್ ಹಣ್ಣಿನ ಗೊರಟೆಗಳನ್ನೂ ಮನೆಮನೆಯಿಂದ ಕೂಡಿಸಿದರು. 1920ರ ದಶಕದ ಕೊನೆಗೆ ಅಮೆರಿಕ, ಜರ್ಮನಿಯ ಪಟ್ಟಣಗಳು ಕುಡಿಯುವ ನೀರಿನ ರುಚಿ, ವಾಸನೆ ತೆಗೆಯಲು ಇದನ್ನು ಬಳಸತೊಡಗಿದವು. ನೀರಿನಲ್ಲಿ ಫೀನಾಲ್ ಇದ್ದು ಅದಕ್ಕೆ ಕ್ಲೋರಿನ್ ಬೆರೆತರೆ ಬಾಯಿಗಿಡಲಾಗದ ಔಷಧಿ ರುಚಿ ಹುಟ್ಟುತ್ತದೆ. ಅದರ ಪರಿಹಾರಕ್ಕೆ ಇಂಗಾಲ ಬಂತು.

ತಯಾರಿ

ಕೆಲಸ ಎರಡು ಹಂತದ್ದು. ಮೊದಲು ಒಣಗಿಸಿದ ಚಿಪ್ಪು ಅಥವಾ ಸಿಪ್ಪೆಯನ್ನು ಗಾಳಿ ತಾಗದ ಪಾತ್ರೆಯಲ್ಲಿ 400–600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ನೀರು, ಡಾಂಬರಿನಂಥ ಜಿಡ್ಡು, ಉರಿಯುವ ಅನಿಲಗಳು ಹೊರಬಿದ್ದು ಇದ್ದಿಲು ಉಳಿಯುತ್ತದೆ. ಈ ಇದ್ದಿಲಿನ ರಂಧ್ರಗಳಲ್ಲಿ ಜಿಡ್ಡು ಕಟ್ಟಿಕೊಂಡಿರುವುದರಿಂದ ಅದರ ಹಿಡಿತ ಕಡಿಮೆ. ಎರಡನೆಯ ಹಂತದಲ್ಲಿ ಅದನ್ನು 800–1,000 ಡಿಗ್ರಿಯಲ್ಲಿ ಹಬೆಗೆ ಒಡ್ಡುತ್ತಾರೆ. ಹಬೆ ಇಂಗಾಲದೊಂದಿಗೆ ಸೇರಿ ಕಾರ್ಬನ್ ಮಾನಾಕ್ಸೈಡ್, ಜಲಜನಕಗಳಾಗಿ ಹೊರಟುಹೋಗುವಾಗ ಕಟ್ಟಿದ್ದ ರಂಧ್ರ ತೆರೆಯುತ್ತದೆ, ತೆರೆದದ್ದು ಅಗಲವಾಗುತ್ತದೆ, ಹೊಸದೂ ಹುಟ್ಟುತ್ತದೆ. ಬೆಲೆ ತೆರದೆ ಇದು ಆಗುವುದಿಲ್ಲ. ತೆಂಗಿನ ಚಿಪ್ಪಿನ ಲೆಕ್ಕದಲ್ಲಿ ಸುಮಾರು ಹತ್ತು ಟನ್ ಚಿಪ್ಪಿಗೆ ಮೂರು ಟನ್ ಇದ್ದಿಲು, ಅದರಿಂದ ಒಂದು ಟನ್ ಸಕ್ರಿಯ ಇಂಗಾಲ. ಹದ ಮೀರಿ ಕಾಯಿಸಿದರೆ ರಂಧ್ರಗಳ ನಡುವಣ ಗೋಡೆಯೇ ಸುಟ್ಟು ಎಲ್ಲ ಪುಡಿಯಾಗುತ್ತದೆ.

ರಾಸಾಯನಿಕದ ದಾರಿಯಲ್ಲಿ ಎರಡೂ ಹಂತ ಒಟ್ಟಿಗೇ ನಡೆಯುತ್ತವೆ. ಸಿಪ್ಪೆಯನ್ನು ಫಾಸ್ಫಾರಿಕ್ ಆಮ್ಲದಲ್ಲಿ ನೆನೆಸಿ 400–500 ಡಿಗ್ರಿಗೆ ಕಾಯಿಸಬಹುದು. ಸತುವಿನ ಕ್ಲೋರೈಡಿಗೆ 500–700, ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ 700–900 ಡಿಗ್ರಿ ಬೇಕು. ಕಡಿಮೆ ಶಾಖ, ಹೆಚ್ಚು ಉತ್ಪತ್ತಿ, ಮಧ್ಯರಂಧ್ರಗಳೂ ಸಿಗುತ್ತವೆ. ಆದರೆ ಕಾಯಿಸಿದ ಮೇಲೆ ಆ ರಾಸಾಯನಿಕವನ್ನು ತೊಳೆದು ತೆಗೆಯಬೇಕು. ಸತು ಬಳಸಿದರೆ ತೊಳೆದ ನೀರಲ್ಲಿ ಸತು. ಫಾಸ್ಫಾರಿಕ್ ಆಮ್ಲ ಬಳಸಿದರೆ ಫಾಸ್ಫೇಟು, ಅದು ಕೆರೆಗೆ ಇಳಿದರೆ ಅಂತರಗಂಗೆಗೂ ಪಾಚಿಗೂ ಗೊಬ್ಬರ. ನೀರು ತೊಳೆಯಲು ಇಂಗಾಲ ಮಾಡುತ್ತ ಮೊದಲೇ ನೀರು ಕೆಡಿಸುವ ಈ ಅಪಾಯವನ್ನು ಪ್ರಯೋಗಾಲಯದ ವರದಿಗಳು ಬಹಳ ಸಲ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ಬೀಕರಿನಲ್ಲಿ ಅದು ಒಂದು ಲೋಟ ನೀರು. ಕಾರ್ಖಾನೆಯಲ್ಲಿ ಅದೇ ದೊಡ್ಡ ಖರ್ಚು. ಆಮ್ಲವನ್ನು ಹಿಂಪಡೆದು ಮರುಬಳಸುವ ವ್ಯವಸ್ಥೆಯಿಲ್ಲದ ಘಟಕವನ್ನು ಈ ಸೀಮೆಯಲ್ಲಿ ಶುರು ಮಾಡಬಾರದು.

ಹಬೆಯ ದಾರಿಗೂ ಅದರದೇ ತೊಡಕಿದೆ, ಅದು ಹೊಗೆಯದು. ನೆಲದಲ್ಲಿ ಗುಂಡಿ ತೋಡಿ, ಮಣ್ಣು ಮುಚ್ಚಿ ಚಿಪ್ಪು ಸುಡುವ ಹಳೆಯ ಪದ್ಧತಿಯಲ್ಲಿ ಜಿಡ್ಡು, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಎಲ್ಲವೂ ಗಾಳಿಗೆ ಸೇರುತ್ತವೆ. ಮುಚ್ಚಿದ ಕುಲುಮೆಯಲ್ಲಿ ಈ ಅನಿಲಗಳನ್ನೇ ಉರಿಸಿ ಹಬೆ ಎಬ್ಬಿಸಬಹುದು. ಆಗ ಹೊಗೆಯೂ ತಗ್ಗುತ್ತದೆ, ಉರುವಲಿನ ಖರ್ಚೂ ಉಳಿಯುತ್ತದೆ.

ಯಾವ ತ್ಯಾಜ್ಯ, ಎಂಥ ಇಂಗಾಲ

ಭತ್ತದ ಹೊಟ್ಟು ಈ ಸೀಮೆಯಲ್ಲಿ ಕಣ್ಣಿಗೆ ಮೊದಲು ಬೀಳುವ ಉಳಿಕೆ. ಭತ್ತದ ತೂಕದಲ್ಲಿ ಐದನೇ ಒಂದು ಭಾಗ ಹೊಟ್ಟೇ. ಆದರೆ ಅದನ್ನು ತ್ಯಾಜ್ಯ ಎನ್ನುವಾಗ ಎಚ್ಚರ ಬೇಕು. ಅಕ್ಕಿ ಗಿರಣಿಯ ಬಾಯ್ಲರಿಗೆ ಅದೇ ಉರುವಲು. ಇಟ್ಟಿಗೆ ಗೂಡಿಗೂ ಅದು ಹೋಗುತ್ತದೆ. ಕೋಳಿ ಫಾರಂಗಳಲ್ಲಿ ನೆಲಕ್ಕೆ ಹಾಸುತ್ತಾರೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಮರಳು ಕಾಯಿಸುವ ಒಲೆಗೂ ಹೊಟ್ಟು ಬೇಕು. ಬೆಲೆಯುಳ್ಳ ಸರಕನ್ನು ಪುಕ್ಕಟೆ ಕಸವೆಂದು ಲೆಕ್ಕ ಹಾಕಿದ ಯೋಜನೆ ಮೊದಲ ವರ್ಷದಲ್ಲೇ ಎಡವುತ್ತದೆ.

ಹೊಟ್ಟಿನ ಇನ್ನೊಂದು ಸ್ವಭಾವ ಅದರ ಬೂದಿ. ಬೇರೆ ಸಸ್ಯಗಳಿಗಿಲ್ಲದಷ್ಟು ಸಿಲಿಕಾವನ್ನು ಭತ್ತ ತನ್ನ ಸಿಪ್ಪೆಯಲ್ಲಿ ತುಂಬಿಕೊಳ್ಳುತ್ತದೆ. ಒಂದು ಟನ್ ಭತ್ತದಿಂದ ಬರುವ 200 ಕಿಲೋ ಹೊಟ್ಟಿನಲ್ಲಿ ಸುಮಾರು 40 ಕಿಲೋ ಬೂದಿಯ ಅಂಶ, ಅದರಲ್ಲಿ ಹೆಚ್ಚಿನದು ಸಿಲಿಕಾ. ಆ ಹೊಟ್ಟನ್ನು ಇದ್ದಿಲು ಮಾಡಿ 80 ಕಿಲೋಗೆ ಇಳಿಸಿದರೆ ಸುಟ್ಟುಹೋಗದ ಆ 40 ಕಿಲೋ ಹಾಗೇ ಉಳಿದಿರುತ್ತದೆ. ಅಂದರೆ ಇದ್ದಿಲಿನ ಅರ್ಧ ತೂಕ ನೀರು ತೊಳೆಯುವ ಕೆಲಸಕ್ಕೆ ಹೆಚ್ಚಾಗಿ ಬಾರದ ಸಿಲಿಕಾ. ಸೋಡಿಯಂ ಹೈಡ್ರಾಕ್ಸೈಡಿನಲ್ಲಿ ಕುದಿಸಿದರೆ ಸಿಲಿಕಾ ಕರಗಿ ಹೊರಬರುತ್ತದೆ, ಅದು ಇದ್ದ ಜಾಗ ರಂಧ್ರವಾಗುತ್ತದೆ. ಕರಗಿ ಬಂದ ಸೋಡಿಯಂ ಸಿಲಿಕೇಟು ಸಾಬೂನು, ಅಂಟು ತಯಾರಿಕೆಯಲ್ಲಿ ಬಳಕೆಯಾಗುವ ಸರಕು. ಎರಡೂ ಮಾರಾಟವಾದರೆ ಮಾತ್ರ ಹೊಟ್ಟಿನ ಇಂಗಾಲ ಗಿಟ್ಟುತ್ತದೆ. ಗಿರಣಿಗಳ ಬಾಯ್ಲರಿನಿಂದ ಬರುವ ಕಪ್ಪು ಬೂದಿಯಲ್ಲಿ ಪೂರ್ತಿ ಉರಿಯದ ಇಂಗಾಲ ಒಂದಿಷ್ಟು ಉಳಿದಿರುತ್ತದೆ. ಅದನ್ನು ಹಾಗೆಯೇ ಬಣ್ಣ ತೆಗೆಯಲು ಬಳಸುವುದು ಅಗ್ಗದ ಉಪಾಯ. ಹಿಡಿತ ಕಡಿಮೆಯಾದ್ದರಿಂದ ರಾಶಿಗಟ್ಟಲೆ ಬೇಕಾಗುತ್ತದೆ.

ತೆಂಗಿನ ಚಿಪ್ಪು ಈ ಉದ್ಯಮದ ರಾಜ. ಬೂದಿ ಶೇ 1ರ ಆಸುಪಾಸು, ಗಟ್ಟಿಯಾದ ಮೈ, ತುಂಬ ಸೂಕ್ಷ್ಮರಂಧ್ರ. ಉಜ್ಜಿದರೂ ಸವೆಯದ ಹರಳು ಇದರಿಂದ ಬರುವುದರಿಂದ ನೀರಿನ ಫಿಲ್ಟರುಗಳಿಗೆ ಇದೇ ಮೊದಲ ಆಯ್ಕೆ. ಕರ್ನಾಟಕದಲ್ಲಿ ಚಿಪ್ಪಿನ ಮೂಲ ತಿಪಟೂರು, ಅರಸೀಕೆರೆ, ತುಮಕೂರು ಕಡೆಯ ಕೊಬ್ಬರಿ ಸೀಮೆ. ಅಲ್ಲಿಂದ ಇದ್ದಿಲಿನ ಕಾರ್ಖಾನೆಗಳಿಗೆ ದಾರಿ ಆಗಲೇ ಬಿದ್ದಿರುವುದರಿಂದ ದಾವಣಗೆರೆ ಚಿಪ್ಪಿಗಾಗಿ ಪೈಪೋಟಿಗೆ ಇಳಿಯುವುದರಲ್ಲಿ ಅರ್ಥವಿಲ್ಲ.

ಮೆಕ್ಕೆಜೋಳದ ಕಾಳು ಬಿಡಿಸಿದ ಮೇಲೆ ಉಳಿಯುವ ಬೆಂಡು ಹಗುರ, ಬೂದಿ ಕಡಿಮೆ, ಒಳಗೆ ಸಹಜವಾಗಿಯೇ ಜಾಳು. ರಾಸಾಯನಿಕದ ದಾರಿಗೆ ಚೆನ್ನಾಗಿ ಒಗ್ಗುತ್ತದೆ, ಪುಡಿ ರೂಪದ ಇಂಗಾಲಕ್ಕೆ ಸಾಕು. ಗಟ್ಟಿತನವಿಲ್ಲದ್ದರಿಂದ ಹರಳಿನ ಫಿಲ್ಟರಿಗೆ ಆಗದು. ದಾವಣಗೆರೆ ಜಿಲ್ಲೆ ರಾಜ್ಯದ ಮುಖ್ಯ ಮೆಕ್ಕೆಜೋಳ ಸೀಮೆಗಳಲ್ಲೊಂದಾದರೂ ಬೆಂಡು ಒಂದೇ ಕಡೆ ಕೂಡುವುದಿಲ್ಲ. ಹೊಲದ ಕಣದಲ್ಲೋ ರಸ್ತೆ ಬದಿಯಲ್ಲೋ ಯಂತ್ರ ನಿಂತ ಕಡೆ ರಾಶಿ ಬೀಳುತ್ತದೆ, ಒಂದಿಷ್ಟು ಒಲೆಗೆ ಹೋಗುತ್ತದೆ. ಹಗುರ ಸರಕನ್ನು ದೂರ ಸಾಗಿಸಿದರೆ ಲಾರಿ ಬಾಡಿಗೆಯೇ ಲಾಭ ನುಂಗುತ್ತದೆ.

ನಿಜವಾಗಿ ದಿಕ್ಕಿಲ್ಲದೆ ಬಿದ್ದಿರುವುದು ಅಡಿಕೆ ಸಿಪ್ಪೆ. ಹಸಿ ಅಡಿಕೆಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಿಪ್ಪೆಯದು. ಚನ್ನಗಿರಿ ಕಡೆ ಸುಗ್ಗಿಯಲ್ಲಿ ಯಂತ್ರದಿಂದ ಸುಲಿದ ಸಿಪ್ಪೆ ರಸ್ತೆಯಂಚಿನಲ್ಲಿ ಗುಡ್ಡೆಯಾಗುತ್ತದೆ. ನಾರು ಬೇಗ ಕೊಳೆಯದು, ದನ ತಿನ್ನವು. ಕೆಲವರು ತೋಟಕ್ಕೇ ಮುಚ್ಚಿಗೆಯಾಗಿ ಹಾಕುತ್ತಾರೆ, ಉಳಿದದ್ದಕ್ಕೆ ಬೆಂಕಿ ಬೀಳುತ್ತದೆ. ದಾರಿಹೋಕರಿಗೆ ಆ ಹೊಗೆಯ ಪರಿಚಯ ಚೆನ್ನಾಗಿಯೇ ಇದೆ. ಸುಲಿಯುವ ಜಾಗಗಳು ಗೊತ್ತಿರುವುದರಿಂದ ಕೂಡಿಸುವುದು ಬೆಂಡಿಗಿಂತ ಸುಲಭ. ಫಾಸ್ಫಾರಿಕ್ ಆಮ್ಲ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡಿನಿಂದ ಹದಗೊಳಿಸಿದ ಅಡಿಕೆ ಸಿಪ್ಪೆಯ ಇಂಗಾಲ ಬಣ್ಣಗಳನ್ನೂ ಲೋಹಗಳನ್ನೂ ಹಿಡಿಯುತ್ತದೆ ಎಂಬುದನ್ನು ಹಲವು ಪ್ರಯೋಗಾಲಯಗಳು ತೋರಿಸಿವೆ. ಈ ಸೀಮೆಯಲ್ಲಿ ಒಂದೇ ಕಚ್ಚಾವಸ್ತುವನ್ನು ಆರಿಸಬೇಕೆಂದರೆ ಆರಿಸಬೇಕಾದದ್ದು ಇದನ್ನೇ. ಸುಡುವುದನ್ನು ನಿಲ್ಲಿಸುವ ಲಾಭ ಮೊದಲ ದಿನದಿಂದಲೇ ಸಿಗುತ್ತದೆ.

ಬಯಲುಸೀಮೆಯ ಬಳ್ಳಾರಿ ಜಾಲಿಯನ್ನೂ ಇಲ್ಲಿ ನೆನೆಯಬೇಕು. ಕೆರೆಯಂಗಳಗಳನ್ನು ಆವರಿಸಿರುವ ಈ ಮುಳ್ಳುಗಿಡದಿಂದ ಮೊದಲಿನಿಂದಲೂ ಇದ್ದಿಲು ಸುಡುತ್ತ ಬಂದಿದ್ದಾರೆ; ಸಕ್ರಿಯ ಇಂಗಾಲದ ಮೊದಲ ಹಂತವೂ ಅದೇ.

ಹೊಳೆಯ ಕಂದು ಬಣ್ಣ

ಹರಿಹರದ ಎದುರು ದಂಡೆಯ ಕುಮಾರಪಟ್ಟಣ ರಾಣೆಬೆನ್ನೂರು ತಾಲ್ಲೂಕಿಗೆ, ಅಂದರೆ ಹಾವೇರಿ ಜಿಲ್ಲೆಗೆ ಸೇರುತ್ತದೆ. ಅಲ್ಲಿ 1970ರ ದಶಕದ ಆರಂಭದಲ್ಲಿ ಗ್ರಾಸಿಂನ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿಯಂಥ ಮರದಿಂದ ರೇಯಾನ್ ತಿರುಳು ತೆಗೆಯಲು ಶುರು ಮಾಡಿತು. 1980ರ ದಶಕದಲ್ಲಿ ಕೆಳಪಾತ್ರದ ಹಳ್ಳಿಗಳ ಜನ ನೀರಿನ ಬಣ್ಣ, ವಾಸನೆ, ಮೀನುಗಳ ಸಾವಿನ ಬಗ್ಗೆ ದನಿಯೆತ್ತಿದರು. ಎಸ್.ಆರ್. ಹಿರೇಮಠ ಮುಂದಾಳತ್ವದ ಧಾರವಾಡದ ಸಮಾಜ ಪರಿವರ್ತನ ಸಮುದಾಯ ಆ ದನಿಯನ್ನು ಚಳವಳಿಯಾಗಿಯೂ ನ್ಯಾಯಾಲಯದ ಹೋರಾಟವಾಗಿಯೂ ಬೆಳೆಸಿತು. ಕರ್ನಾಟಕದಲ್ಲಿ ನದಿಮಾಲಿನ್ಯ ಜನರ ಪ್ರಶ್ನೆಯಾದ ಮೊದಮೊದಲ ಪ್ರಸಂಗಗಳಲ್ಲಿ ಇದೊಂದು. ನೀರು ಮಾಲಿನ್ಯ ನಿಯಂತ್ರಣ ಕಾಯ್ದೆ 1974ರಲ್ಲೇ ಬಂದಿತ್ತು, ಅದೇ ವರ್ಷ ರಾಜ್ಯ ಮಂಡಳಿಯೂ ಆಗಿತ್ತು. ಕಾಯ್ದೆಗೆ ಜೀವ ತುಂಬಿದ್ದು ದಂಡೆಯ ಮೇಲಿನ ಜನ.

ತಿರುಳು ಕಾರ್ಖಾನೆಯ ನೀರು ಕಂದಾಗುವುದು ಲಿಗ್ನಿನ್‌ನಿಂದ. ಮರದ ನಾರುಗಳನ್ನು ಬೆಸೆದು ಹಿಡಿದಿರುವ ಈ ವಸ್ತುವನ್ನು ಬೇಯಿಸಿ ಬಿಡಿಸಿದಾಗ ಅದರ ಚೂರುಗಳು ನೀರಿಗೆ ಬರುತ್ತವೆ. ಇಂಥ ನೀರನ್ನು ಗಾಳಿಯಾಡಿಸಿ ಬ್ಯಾಕ್ಟೀರಿಯಾಗಳಿಗೆ ಬಿಟ್ಟರೆ ಅವು ಸಕ್ಕರೆ, ಆಮ್ಲಗಳಂಥ ಸುಲಭ ಆಹಾರವನ್ನು ತಿಂದು ಮುಗಿಸುತ್ತವೆ. ಆಮ್ಲಜನಕದ ಬೇಡಿಕೆ ಇಳಿಯುತ್ತದೆ. ಲಿಗ್ನಿನ್ ಅವುಗಳಿಗೆ ಬೇಗ ಜೀರ್ಣವಾಗದು. ಹಾಗಾಗಿ ಕಾಗದದ ಮೇಲೆ ಸಂಸ್ಕರಣೆ ಮುಗಿದ ನೀರೂ ಕಣ್ಣಿಗೆ ಚಹಾದ ಬಣ್ಣದ್ದಾಗಿಯೇ ಉಳಿಯಬಹುದು. ನೀರೊಳಗೆ ಬೆಳಕು ಇಳಿಯದಿದ್ದರೆ ಪಾಚಿಯಿಂದ ಮೀನಿನವರೆಗೆ ಎಲ್ಲಕ್ಕೂ ತೊಂದರೆ.

ಇಂಗಾಲಕ್ಕೆ ಕೆಲಸ ಇರುವುದು ಈ ಕೊನೆಯ ಹಂತದಲ್ಲಿ. ತೆಂಗಿನ ಚಿಪ್ಪಿನ ಶ್ರೇಷ್ಠ ಇಂಗಾಲ ಇಲ್ಲಿ ಸೋಲುತ್ತದೆ. ಲಿಗ್ನಿನ್ ಚೂರು ಅದರ ಸೂಕ್ಷ್ಮರಂಧ್ರಕ್ಕೆ ಹಿಡಿಸದು. ಫಾಸ್ಫಾರಿಕ್ ಆಮ್ಲದಲ್ಲಿ ಹದವಾದ ಮರದ ಅಥವಾ ಸಿಪ್ಪೆಯ ಇಂಗಾಲ, ಮಧ್ಯರಂಧ್ರಗಳ ದೆಸೆಯಿಂದ, ಇದಕ್ಕೆ ಹೆಚ್ಚು ಹೊಂದುತ್ತದೆ. ಬಟ್ಟೆಯ ಬಣ್ಣದ ನೀರಿಗೂ, ಉದಾಹರಣೆಗೆ ಬಳ್ಳಾರಿಯ ಜೀನ್ಸ್ ತೊಳೆಯುವ ಘಟಕಗಳ ನೀಲಿ ನೀರಿಗೂ, ಇದೇ ತರ್ಕ. ಮೊದಲ ಹಂತದಲ್ಲೇ, ಗಸಿಯೂ ಕೊಳಚೆಯೂ ತುಂಬಿದ ನೀರಿಗೆ ಇಂಗಾಲ ಸುರಿದರೆ ರಂಧ್ರಗಳು ಗಂಟೆಗಳೊಳಗೆ ಮುಚ್ಚಿಹೋಗುತ್ತವೆ. ನಗರದ ಮನೆಗಳ ಕೊಳಚೆಗೆ ಬೇಕಾಗಿರುವುದು ಒಳಚರಂಡಿ ಮತ್ತು ಜೈವಿಕ ಸಂಸ್ಕರಣೆ. ಅದನ್ನು ಮಾಡದೆ ಇಂಗಾಲದ ಮಾತಾಡುವುದು ಜನರ ದುಡ್ಡು ಪೋಲು ಮಾಡಿದಂತೆ.

ಬಳಸುವ ಬಗೆ ಎರಡು. ಪುಡಿಯನ್ನು ನೀರಿಗೆ ಬೆರೆಸಿ, ಕಲಕಿ, ಗಸಿಯೊಂದಿಗೆ ತಳಕ್ಕಿಳಿಸಿ ತೆಗೆಯುವುದು ಒಂದು. ಕುಡಿಯುವ ನೀರಿನ ರುಚಿ, ವಾಸನೆಗೆ ಲೀಟರಿಗೆ 10–20 ಮಿಲಿಗ್ರಾಂ ಸಾಮಾನ್ಯ ಪ್ರಮಾಣ. ಅಂದರೆ ದಿನಕ್ಕೆ ಒಂದು ಕೋಟಿ ಲೀಟರ್ ಶುದ್ಧಿಗೆ 100ರಿಂದ 200 ಕಿಲೋ. ಬೇಸಿಗೆಯಲ್ಲಿ ಹೊಳೆ ಬತ್ತಿ ನೀರು ನಾರುವ ಕೆಲವು ವಾರಗಳಿಗೆ ಮಾತ್ರ ಇದನ್ನು ಬಳಸಬಹುದು, ಹೊಸ ಕಟ್ಟಡ ಬೇಕಿಲ್ಲ. ಇನ್ನೊಂದು, ಹರಳಿನ ಹಾಸಿನ ಮೂಲಕ ನೀರು ಹಾಯಿಸುವುದು. ನೀರು ಹಾಸಿನೊಳಗೆ 5ರಿಂದ 25 ನಿಮಿಷ ಇರುವಂತೆ ಎತ್ತರ, ವೇಗ ಹೊಂದಿಸುತ್ತಾರೆ. ದಿನ ಕಳೆದಂತೆ ಮೇಲಿನ ಪದರ ತುಂಬಿ, ಹಿಡಿಯುವ ಗಡಿ ಕೆಳಗಿಳಿದು, ಕೊನೆಗೊಂದು ದಿನ ಕೊಳೆ ಆಚೆ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆ ದಿನಕ್ಕೆ ಮುಂಚೆಯೇ ಹಾಸು ಬದಲಿಸಬೇಕು.

ರಾಜ್ಯದ ಹಳ್ಳಿಹಳ್ಳಿಯಲ್ಲಿರುವ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲೂ ಮರಳಿನ ಡ್ರಮ್ಮಿನ ಪಕ್ಕ ಇಂಗಾಲದ ಡ್ರಮ್ಮು ನಿಂತಿರುತ್ತದೆ. ಅಲ್ಲಿ ಅದರ ಮುಖ್ಯ ಕೆಲಸ ಮುಂದಿರುವ ಆರ್‌ಒ ಪೊರೆಯನ್ನು ಕ್ಲೋರಿನ್ ಮತ್ತು ಜಿಡ್ಡಿನಿಂದ ಕಾಪಾಡುವುದು. ವರ್ಷಗಟ್ಟಲೆ ಬದಲಿಸದ ಇಂಗಾಲ ಪೊರೆಯನ್ನೂ ಕಾಯದು, ತನ್ನೊಳಗೆ ಬ್ಯಾಕ್ಟೀರಿಯಾಗಳನ್ನೂ ಸಾಕುತ್ತದೆ.

ಲೋಹಗಳು

ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಈ ಸೀಮೆಗೆ ಲೇತ್ ಯಂತ್ರಗಳ ವಿದ್ಯೆ ತಂದಿತು. ಯಂತ್ರೋದ್ಯಮ ಬೆಳೆದ ಕಡೆಗಳಲ್ಲೆಲ್ಲ ಲೋಹಕ್ಕೆ ಮೆರುಗು ಕೊಡುವ ಕೆಲಸವೂ ಬೆಳೆಯುತ್ತದೆ. ಆ ಕೆಲಸದ ನೀರಿನಲ್ಲಿ ಕ್ರೋಮಿಯಂ ಇರಬಹುದು. ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ಕಾರಕ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಟ್ಟು ಕ್ರೋಮಿಯಂಗೆ ಹಾಕಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಆಮ್ಲೀಯ ನೀರಿನಲ್ಲಿ, ಪಿಎಚ್ 2–3ರ ಸುತ್ತ, ಇಂಗಾಲ ಈ ಕ್ರೋಮಿಯಂ ಅನ್ನು ಚೆನ್ನಾಗಿ ಹಿಡಿಯುತ್ತದೆ. ಜೊತೆಗೆ ಅದನ್ನು ಕಡಿಮೆ ವಿಷದ ಮೂರು ವೇಲೆನ್ಸಿಯ ರೂಪಕ್ಕೆ ಇಳಿಸುತ್ತದೆ. ತಟಸ್ಥ ನೀರಿನಲ್ಲಿ ಹಿಡಿತ ಬಹಳ ತಗ್ಗುತ್ತದೆ. ಸೀಸ, ಕ್ಯಾಡ್ಮಿಯಂಗಳ ನಡತೆ ಇದಕ್ಕೆ ಉಲ್ಟಾ: ಆಮ್ಲ ಹೆಚ್ಚಿದ್ದರೆ ಅವು ಅಂಟುವುದಿಲ್ಲ. ಒಂದೇ ಹಾಸಿನಲ್ಲಿ ಎಲ್ಲ ಲೋಹ ತೆಗೆಯುವ ಭರವಸೆ ಕೊಡುವ ಜಾಹೀರಾತನ್ನು ಅದಕ್ಕೇ ನಂಬಬಾರದು.

ಆಗದ ಕೆಲಸ

ಜಗಳೂರು ತಾಲ್ಲೂಕಿನ ಕೊಳವೆಬಾವಿಗಳ ಫ್ಲೋರೈಡು ಈ ಜಿಲ್ಲೆಯ ಹಳೆಯ ಸಂಕಟ. ಹಲ್ಲು ಕಂದುಗಟ್ಟುವುದರಿಂದ ಹಿಡಿದು ಕೀಲು, ಬೆನ್ನು ಬಾಗುವವರೆಗೆ ಅದರ ಹೊಡೆತವಿದೆ. ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ಮೂಲವಿಲ್ಲದಾಗ 1.5ರವರೆಗೆ ಸಹ್ಯ. ಸಾಮಾನ್ಯ ಸಕ್ರಿಯ ಇಂಗಾಲ ಫ್ಲೋರೈಡನ್ನು ಹೇಳಿಕೊಳ್ಳುವಷ್ಟು ಹಿಡಿಯುವುದಿಲ್ಲ. ಅದಕ್ಕೆ ಸಕ್ರಿಯ ಅಲ್ಯುಮಿನಾ, ಮೂಳೆಯ ಇದ್ದಿಲು, ಪಟಿಕ–ಸುಣ್ಣ ಬಳಸುವ ನಲ್ಗೊಂಡ ವಿಧಾನ ಅಥವಾ ಆರ್‌ಒ ಬೇಕು. ನೈಟ್ರೇಟು, ಉಪ್ಪು, ಗಡಸುತನಗಳಿಗೂ ಇಂಗಾಲ ಮದ್ದಲ್ಲ. ಕ್ಲೋರಿನ್ನನ್ನೂ ಅದು ತೆಗೆದುಬಿಡುವುದರಿಂದ ಇಂಗಾಲ ಹಾಯ್ದ ನೀರಿಗೆ ರೋಗಾಣುಗಳ ವಿರುದ್ಧ ರಕ್ಷಣೆ ಉಳಿಯುವುದಿಲ್ಲ. ಮನೆಯಲ್ಲಾದರೆ ಕುದಿಸಬೇಕು, ಘಟಕದಲ್ಲಾದರೆ ಆಮೇಲೆ ಮತ್ತೆ ಸೋಂಕು ಕಳೆಯಬೇಕು.

ಪರೀಕ್ಷೆ, ಪ್ರಯೋಗ

ಭಾರತೀಯ ಮಾನಕಗಳಲ್ಲಿ ಐಎಸ್ 877 ಸಕ್ರಿಯ ಇಂಗಾಲದ ಪರೀಕ್ಷಾ ವಿಧಾನಗಳನ್ನು ಹೇಳುತ್ತದೆ. ಹರಳಿಗೆ ಐಎಸ್ 2752, ಪುಡಿಗೆ ಐಎಸ್ 8366. ಬೂದಿ, ತೇವ, ಗಟ್ಟಿತನದ ಜೊತೆ ಅಯೋಡಿನ್ ಸಂಖ್ಯೆಯನ್ನೂ ನೋಡುತ್ತಾರೆ. ಒಂದು ಗ್ರಾಂ ಇಂಗಾಲ ಎಷ್ಟು ಮಿಲಿಗ್ರಾಂ ಅಯೋಡಿನ್ ಹಿಡಿಯುತ್ತದೆ ಎಂಬ ಈ ಅಂಕಿ ಸೂಕ್ಷ್ಮರಂಧ್ರಗಳ ಸೂಚಕ. ಮಿಥಿಲೀನ್ ನೀಲಿಯ ಪರೀಕ್ಷೆ ಸ್ವಲ್ಪ ದೊಡ್ಡ ರಂಧ್ರಗಳನ್ನು ತೋರಿಸುತ್ತದೆ.

ದಾವಣಗೆರೆಯಲ್ಲಿ 1951ರ ಯುಬಿಡಿಟಿ, 1979ರ ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳಿವೆ; 2009ರಿಂದ ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ವಿಶ್ವವಿದ್ಯಾನಿಲಯವಿದೆ. ಹೊಟ್ಟು, ಸಿಪ್ಪೆಗಳ ಇಂಗಾಲ ರಾಜ್ಯದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಪರಿಚಿತ ಪ್ರಾಜೆಕ್ಟ್ ವಿಷಯ. ಇಂಥ ಬಹುಪಾಲು ಕೆಲಸ ಭಟ್ಟಿ ಇಳಿಸಿದ ನೀರಿಗೆ ಮಿಥಿಲೀನ್ ನೀಲಿ ಬೆರೆಸಿ, ಶೇ 95ಕ್ಕಿಂತ ಹೆಚ್ಚು ಬಣ್ಣ ಹೋಯಿತೆಂದು ಬರೆಯುವಲ್ಲಿಗೆ ನಿಲ್ಲುತ್ತದೆ. ಹೊಳೆಯ ನೀರಿನಲ್ಲಿ ಒಂದೇ ಬಣ್ಣ ಇರುವುದಿಲ್ಲ. ಎಲೆ ಕೊಳೆತ ಆಮ್ಲ, ಸಾಬೂನು, ಉಪ್ಪು, ಜೇಡಿ ಎಲ್ಲವೂ ಅದೇ ರಂಧ್ರಕ್ಕೆ ಪೈಪೋಟಿ ನಡೆಸುತ್ತವೆ. ಫ್ರಾಯಿಂಡ್ಲಿಕ್ 1906ರಲ್ಲಿ ಬಳಕೆಗೆ ತಂದ ಸಮೀಕರಣ ಇನ್ನೊಂದನ್ನೂ ಎಚ್ಚರಿಸುತ್ತದೆ: ನೀರಿನಲ್ಲಿ ಕೊಳೆ ತೆಳುವಾದಷ್ಟೂ ಪ್ರತಿ ಗ್ರಾಂ ಇಂಗಾಲದ ಹಿಡಿತವೂ ಇಳಿಯುತ್ತದೆ. ಗಾಢ ದ್ರಾವಣದಲ್ಲಿ ಬಂದ ಅಂಕಿಯನ್ನು ಹೊಳೆಗೆ ಹೊಂದಿಸಿದರೆ ಲೆಕ್ಕ ತಪ್ಪುತ್ತದೆ.

ಬಳಸಿ ಮುಗಿದ ಮೇಲೆ

ಹಿಡಿದ ಕೊಳೆ ಎಲ್ಲಿಗೂ ಹೋಗಿರುವುದಿಲ್ಲ, ಇಂಗಾಲದೊಳಗೇ ಇರುತ್ತದೆ. ಬಣ್ಣ, ಲಿಗ್ನಿನ್‌ನಂಥ ಸಾವಯವ ಕೊಳೆ ಹಿಡಿದ ಹರಳನ್ನು ಸುಮಾರು 800 ಡಿಗ್ರಿಯಲ್ಲಿ ಮತ್ತೆ ಕಾಯಿಸಿ ಮರುಬಳಸಬಹುದು. ಪ್ರತಿ ಸಲವೂ ಶೇ 5–10ರಷ್ಟು ಇಂಗಾಲ ನಷ್ಟ. ಪುಡಿಯನ್ನು ಹೀಗೆ ಹಿಂಪಡೆಯುವುದು ಗಿಟ್ಟದು, ಗಸಿಯ ಜೊತೆಗೇ ಹೋಗುತ್ತದೆ. ಕ್ರೋಮಿಯಂ, ಸೀಸ ಹಿಡಿದ ಇಂಗಾಲದ ವಿಷಯ ಬೇರೆ. ಅದನ್ನು ಒಲೆಗೆ ಹಾಕುವಂತಿಲ್ಲ, ಗದ್ದೆಗೆ ಚೆಲ್ಲುವಂತಿಲ್ಲ, ಪಾಲಿಕೆಯ ಕಸದ ಲಾರಿಗೂ ಕೊಡುವಂತಿಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ದಾಬಸ್‌ಪೇಟೆಯಲ್ಲಿರುವಂಥ ಅಧಿಕೃತ ವಿಲೇವಾರಿ ತಾಣಕ್ಕೆ ಸಾಗಿಸಬೇಕು. ದಾವಣಗೆರೆಯಿಂದ ಅಲ್ಲಿಗೆ 200 ಕಿ.ಮೀ.ಗಿಂತ ಹೆಚ್ಚು ದಾರಿ. ಅಗ್ಗದ ಸಿಪ್ಪೆಯಿಂದ ಮಾಡಿದ, ಹಿಡಿತ ಕಡಿಮೆಯಿರುವ ಇಂಗಾಲವನ್ನು ಲೋಹ ತೆಗೆಯಲು ಬಳಸಿದರೆ ಸಾಗಿಸಬೇಕಾದ ತೂಕ ಅಷ್ಟೂ ಹೆಚ್ಚುತ್ತದೆ. ಘಟಕದ ಲೆಕ್ಕಪತ್ರದಲ್ಲಿ ಸಿಪ್ಪೆಯ ಬೆಲೆಯ ಪಕ್ಕದಲ್ಲೇ ಈ ಸಾಗಣೆ ಮತ್ತು ವಿಲೇವಾರಿಯ ಖರ್ಚನ್ನೂ ಮೊದಲ ದಿನವೇ ಬರೆದಿಡಬೇಕು.